ಎಂಟು ಗೆರೆ ಬಿದ್ದ ಟ್ಯೂಬು

ಮಣಿಪಾಲದಲ್ಲಿ ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ವರ್ಷಕ್ಕೊಮ್ಮೆ ಒಂದು ಥರ್ಮೊಕೋಲ್ ಡಬ್ಬ ಬರುತ್ತದೆ. ಬಿಚ್ಚಿದರೆ ಹೊಗೆಯಾಡುವ ಒಣ ಮಂಜುಗಡ್ಡೆ, ಅದರ ನಡುವೆ ಕಿರುಬೆರಳ ತುದಿಯಷ್ಟು ದೊಡ್ಡ ಒಂದು ಸೀಸೆ, ಸೀಸೆಯ ತಳದಲ್ಲಿ ನೀರಿನಂಥ ಎರಡು ಹನಿ. ಹೊಸದಾಗಿ ಸೇರಿದವರು ಅದನ್ನು ಬೆಳಕಿಗೆ ಹಿಡಿದು, "ಇಷ್ಟೇಯಾ?" ಎಂದು ಕೇಳುತ್ತಾರೆ. ಇಷ್ಟೇ ಎನ್ನುತ್ತೇನೆ. ಅದಕ್ಕೆ ಎಷ್ಟು ಮರ್ಯಾದೆ ಕೊಡಬೇಕೆಂದು ಅವರಿಗೆ ಕಲಿಸುವುದು ನನ್ನ ಕೆಲಸ.

ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ, ಆರೋಗ್ಯವಂತರಲ್ಲಿ ಇರದ ಒಂದು ಪ್ರೊಟೀನ್ ಹುಟ್ಟಿಕೊಳ್ಳುತ್ತದೆ. ಅದರ ತುಣುಕನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ಮೈ ಅದನ್ನು ಹಗೆಯೆಂದು ತಿಳಿದು ಅದನ್ನೇ ಹುಡುಕಿ ಹಿಡಿಯುವ ಆಂಟಿಬಾಡಿಯನ್ನು ತಯಾರಿಸುತ್ತದೆ. ಸೀಸೆಯಲ್ಲಿ ಇರುವುದು ಅದು. ರೋಗಿಯ ರಕ್ತದ ಜೀವಕೋಶಗಳನ್ನು ಒಡೆದು, ಅವುಗಳ ಪ್ರೊಟೀನುಗಳನ್ನು ಕಾಗದದಂಥ ಒಂದು ಹಾಳೆಯ ಮೇಲೆ ಸಾಲಾಗಿ ಇಳಿಸಿ, ಆ ಹಾಳೆಯನ್ನು ಆಂಟಿಬಾಡಿಯಲ್ಲಿ ನೆನೆಹಾಕುತ್ತೇವೆ. ಅದು ತನಗೆ ಬೇಕಾದ್ದನ್ನು ಮಾತ್ರ ಹಿಡಿದು ಕೂರುತ್ತದೆ. ಹಿಡಿದ ಜಾಗದಲ್ಲಿ, ಯಂತ್ರ ತೆಗೆಯುವ ಚಿತ್ರದಲ್ಲಿ, ಒಂದು ಕಪ್ಪು ಪಟ್ಟಿ ಮೂಡುತ್ತದೆ. ಪಟ್ಟಿ ಇದ್ದರೆ ಪ್ರೊಟೀನ್ ಉಂಟು. ಇಲ್ಲದಿದ್ದರೆ ಪ್ರೊಟೀನ್ ಇಲ್ಲ, ಅಥವಾ ನಾವು ಎಲ್ಲೋ ಎಡವಿದ್ದೇವೆ. ಈ 'ಅಥವಾ'ಗೋಸ್ಕರ ಪ್ರತಿ ಸಲವೂ ರೋಗ ಇರುವುದು ಖಚಿತವಾಗಿ ಗೊತ್ತಿರುವ ಜೀವಕೋಶಗಳ ರಸವನ್ನು ಪಕ್ಕದಲ್ಲಿ ಹಾಕುತ್ತೇವೆ. ಅದಕ್ಕೆ ಕಂಟ್ರೋಲ್ ಎಂದು ಹೆಸರು. ಕಂಟ್ರೋಲಿನಲ್ಲಿ ಪಟ್ಟಿ ಬಾರದಿದ್ದರೆ ಆ ದಿನದ ಚಿತ್ರಕ್ಕೆ ಕಸದ ಬುಟ್ಟಿಯೇ ಗತಿ.

ಸೀಸೆಯ ಮೇಲೆ, ಸಂಶೋಧನೆಗೆ ಮಾತ್ರ, ರೋಗ ಪತ್ತೆಗೆ ಅಲ್ಲ ಎಂದು ಅಚ್ಚಾಗಿರುತ್ತದೆ. ಹದಿನಾಲ್ಕು ವರ್ಷಗಳಿಂದ ಆ ಸಾಲನ್ನು ಓದುತ್ತಿದ್ದೇನೆ.

ನಾನು ವಿಜ್ಞಾನಿಯಲ್ಲ, ಲ್ಯಾಬ್ ಟೆಕ್ನಿಶಿಯನ್. ಪಿಎಚ್‌ಡಿ ಮಾಡುವವರು ಬರುತ್ತಾರೆ, ಡಾಕ್ಟರಾಗಿ ಹೋಗುತ್ತಾರೆ, ನಾನು ಇದ್ದಲ್ಲೇ ಇರುತ್ತೇನೆ. ಅವರ ಕೈ ನಡುಗುವುದನ್ನು ನಿಲ್ಲಿಸಿದವಳು ನಾನು ಎಂಬ ಜಂಬ ನನಗಿತ್ತು. ಕಾಪುವಿನ ನಮ್ಮ ಮನೆಯಲ್ಲಂತೂ ನಾನು 'ಮಣಿಪಾಲದವಳು'. ಯಾರಿಗೆ ಕೆಮ್ಮು ಬಂದರೂ ರಿಪೋರ್ಟು ಮೊದಲು ನನ್ನ ಕೈಗೆ ಬರುತ್ತಿತ್ತು, ಆಮೇಲೆ ಡಾಕ್ಟರಿಗೆ. ನನಗೆ ಅರ್ಥವಾಗದಿದ್ದರೂ ಎರಡು ಸಲ ತಿರುಗಿಸಿ ನೋಡಿ, "ತೊಂದರೆ ಇಲ್ಲ" ಎನ್ನುತ್ತಿದ್ದೆ. ಹೆಚ್ಚಿನ ಕೆಮ್ಮು ತಾನಾಗಿ ಹೋಗುತ್ತದಲ್ಲ, ಹಾಗಾಗಿ ನನ್ನ ಹೆಸರು ಉಳಿದಿತ್ತು.

ನಮ್ಮ ಲ್ಯಾಬಿನಲ್ಲಿ ಇನ್ನೊಂದು ಕ್ರಮವಿತ್ತು. ಸೀಸೆಯ ಆಂಟಿಬಾಡಿಯನ್ನು ಹಾಲಿನ ಪುಡಿ ಕರಗಿಸಿದ ನೀರಿನಲ್ಲಿ ತೆಳು ಮಾಡಿ ಬಳಸುತ್ತೇವೆ. ಕೆಲಸ ಮುಗಿದ ಮೇಲೆ ಆ ನೀರನ್ನು ಚೆಲ್ಲಬೇಕು, ಆದರೆ ಚೆಲ್ಲಲು ಮನಸ್ಸು ಬರುವುದಿಲ್ಲ. ಟ್ಯೂಬಿಗೆ ವಾಪಸು ಸುರಿದು, ಕೆಡದಂತೆ ಒಂದು ಚಿಟಿಕೆ ಮದ್ದು ಹಾಕಿ, ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸುತ್ತೇವೆ. ಬಳಸಿದಾಗಲೆಲ್ಲ ಮುಚ್ಚಳದ ಮೇಲೆ ಮಾರ್ಕರಿನಿಂದ ಒಂದು ಗೆರೆ. ತಮಾಷೆಯೆಂದರೆ ಎರಡನೆಯ ಸಲದ ಚಿತ್ರ ಮೊದಲಿನದಕ್ಕಿಂತ ಚೊಕ್ಕವಾಗಿ ಬರುತ್ತದೆ. "ಬಂಗುಡೆ ಮೀನಿನ ಸಾರಿನ ಹಾಗೆ, ಮಾರನೆಯ ದಿನಕ್ಕೇ ರುಚಿ" ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ನಾನು. ಐದನೆಯ ಗೆರೆಗೆ ಪಟ್ಟಿ ಮಸುಕಾಗುತ್ತದೆ, ಆರನೆಯದಕ್ಕೆ ಟ್ಯೂಬನ್ನು ಎಸೆಯಬೇಕು. ಎಸೆಯದೆ ಉಳಿದವೂ ಇರುತ್ತಿದ್ದವು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕಾರ್ಕಳದ ಪಕ್ಕ ಕುಕ್ಕುಂದೂರಿಗೆ ಕೊಟ್ಟಿದ್ದೆವು. ಭಾವ ಗೇರುಬೀಜದ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಮಕ್ಕಳಾಗಲಿಲ್ಲ. ಅಕ್ಕ ಮನೆಯ ಚಾವಡಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ನಾಲಿಗೆ ಸ್ವಲ್ಪ ಹರಿತ. ನಾನು ಒಮ್ಮೆ ಅಂಗಡಿಯಲ್ಲಿ ಸಿದ್ಧ ಕುರ್ತಾ ಕೊಂಡದ್ದಕ್ಕೆ ಒಂದು ವಾರ ಮಾತು ಬಿಟ್ಟವಳು ಅವಳು.

ಮಳೆಗಾಲದ ನಡುವೆ ಅವಳಿಗೆ ಜ್ವರ ಬಂತು, ಬಿಟ್ಟಿತು, ಮತ್ತೆ ಬಂತು. ಮಿಷನ್ ತುಳಿಯುವ ಕಾಲಿನ ಮೀನಖಂಡದಲ್ಲಿ ನೀಲಿ ಕಲೆಗಳು. ಹಲ್ಲುಜ್ಜಿದರೆ ರಕ್ತ. ಕಾರ್ಕಳದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಬಹಳ ಕಡಿಮೆ ಉಂಟು, ಬಿಳಿ ರಕ್ತಕಣಗಳ ರೂಪವೂ ಸರಿ ಕಾಣುವುದಿಲ್ಲ, ರಕ್ತದ ಕ್ಯಾನ್ಸರೋ ಎಂದು ನೋಡಬೇಕು, ನಾಳೆಯೇ ಮಣಿಪಾಲಕ್ಕೆ ಹೋಗಿ ಮೂಳೆ ಮಜ್ಜೆಯ ಪರೀಕ್ಷೆ ಮಾಡಿಸಿ ಎಂದರು. ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಹಾಕುತ್ತಾರೆ. ಅಕ್ಕನ ಊರಿನಲ್ಲಿ ಒಬ್ಬ ಮುದುಕರಿಗೆ ಹಾಗೆ ಸೂಜಿ ಹಾಕಿದ್ದರಂತೆ, ವಾರದೊಳಗೆ ಅವರು ತೀರಿಕೊಂಡರಂತೆ. ಕೊಂದದ್ದು ರೋಗ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಸೂಜಿ ಎನ್ನುತ್ತಾರೆ.

ಆ ಶನಿವಾರ ಅಮ್ಮನನ್ನು ಕರೆದುಕೊಂಡು ಕುಕ್ಕುಂದೂರಿಗೆ ಹೋದೆ. ನಮ್ಮ ಮನೆಮಾತು ತುಳು. ಅಂದು ನಡೆದ ಮಾತುಗಳನ್ನು ನಾವು ಹೊರಗೆ ಆಡುವ ಕನ್ನಡದಲ್ಲೇ ಇಲ್ಲಿ ಬರೆಯುತ್ತೇನೆ.

"ನೀನು ಇದೇ ಕಾಯಿಲೆಯ ಕೆಲಸ ಮಾಡುವುದಲ್ವಾ?" ಎಂದಳು ಅಕ್ಕ. "ದಿನಾ ಯಾರ್‍ಯಾರದೋ ರಕ್ತ ನೋಡ್ತಿ. ನನ್ನದು ಒಂದು ನೋಡ್ಲಿಕ್ಕೆ ಆಗುದಿಲ್ವಾ? ಉಂಟು ಅಂತಾದ್ರೆ ಸೂಜಿ ಹಾಕಿಸಿಕೊಳ್ತೇನೆ ಮಾರಾಯ್ತಿ. ಇಲ್ಲ ಅಂತಾದ್ರೆ ಸುಮ್ಮನೆ ಎಂತಕ್ಕೆ?"

ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಅಮ್ಮ ಹೇಳಿದಳು, "ಜೋಯಿಸರ ಹತ್ತಿರ ಪ್ರಶ್ನೆ ಇಡುವಾ ಅಂತ ಇದ್ದೆ. ಇವಳು ಇರುವಾಗ ಅದೂ ಬೇಡ."

ಆಗ ಹೇಳಬೇಕಿತ್ತು. ಅಕ್ಕ, ನಾನು ನೋಡುವುದು ಒಂದೇ ಒಂದು ಪ್ರೊಟೀನ್, ಅದು ಇಲ್ಲದ ರಕ್ತದ ಕ್ಯಾನ್ಸರು ಬೇಕಾದಷ್ಟು ಉಂಟು, ಅದನ್ನು ನೋಡಿ ಏನನ್ನೂ ಹೇಳಲಿಕ್ಕಾಗುವುದಿಲ್ಲ, ಎದ್ದು ಸೀರೆ ಉಡು, ಹೋಗುವಾ. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆದರೆ ಹಾಗೆ ಹೇಳಿದರೆ ಹದಿನಾಲ್ಕು ವರ್ಷ ನಾನು ಮಣಿಪಾಲದಲ್ಲಿ ಎಂತ ಮಾಡಿದೆ ಎಂಬ ಪ್ರಶ್ನೆ ಬರುತ್ತಿತ್ತು. ನನಗೆ ಹೆದರಿಕೆಯೂ ಇತ್ತು, ಜಂಬವೂ ಇತ್ತು, ಎರಡರಲ್ಲಿ ಯಾವುದು ಹೆಚ್ಚು ಎಂದು ಈಗಲೂ ನನಗೆ ಗೊತ್ತಿಲ್ಲ. "ನೋಡುವಾ" ಎಂದೆ.

ಮೆಡಿಕಲ್ ಅಂಗಡಿಯಿಂದ ಸಿರಿಂಜು ತರಿಸಿ ಚಾವಡಿಯಲ್ಲೇ ರಕ್ತ ತೆಗೆದೆ. ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿಯಲು ಹೇಳಿದೆ. ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ನಿಲ್ಲುವ ರಕ್ತ ಅರ್ಧ ಗಂಟೆಯಾದರೂ ಹತ್ತಿಯನ್ನು ಒದ್ದೆ ಮಾಡುತ್ತಿತ್ತು. ಅದನ್ನೂ ನೋಡಿದೆ. ಐಸ್‌ಕ್ರೀಮಿನ ಡಬ್ಬದಲ್ಲಿ ಮಂಜುಗಡ್ಡೆ ತುಂಬಿ, ನಡುವೆ ರಕ್ತದ ಟ್ಯೂಬಿಟ್ಟು, ಅಮ್ಮನನ್ನು ಕಾಪುವಿನ ಬಸ್ಸು ಹತ್ತಿಸಿ, ನಾನು ಹಿರಿಯಡ್ಕದ ಮೇಲೆ ಹೋಗುವ ಬಸ್ಸು ಹತ್ತಿ ಮಣಿಪಾಲಕ್ಕೆ ಬಂದೆ.

ಶನಿವಾರ ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ನಾನು ಮಾಡುತ್ತಿದ್ದದ್ದು ಕದ್ದು ಮಾಡುವ ಕೆಲಸ. ಹೊಸ ಸೀಸೆಯನ್ನು ಮುಟ್ಟುವಂತಿರಲಿಲ್ಲ, ಅದರ ಹನಿಹನಿಯೂ ಮೇಡಂ ಅವರ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಮೇಡಂ ಎಂದರೆ ಲ್ಯಾಬಿನ ಮುಖ್ಯಸ್ಥೆ, ಪ್ರೊಫೆಸರು. ಕಂಟ್ರೋಲಿನ ರಸ ಒಬ್ಬಳು ವಿದ್ಯಾರ್ಥಿನಿಯದ್ದು, ತಿಂಗಳುಗಟ್ಟಲೆ ಬೆಳೆಸಿ ತೆಗೆದದ್ದು. ಅದು ಒಂದು ತೊಟ್ಟು ಕಡಿಮೆಯಾದರೂ ಅವಳಿಗೆ ಗೊತ್ತಾಗುತ್ತಿತ್ತು. ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ ಒಂದು ಹಳೆಯ ಟ್ಯೂಬು ಸಿಕ್ಕಿತು. ಮುಚ್ಚಳದ ಮೇಲೆ ಎಂಟು ಗೆರೆ. ಇದನ್ನು ಬಳಸಿದರೆ ಯಾರೂ ಕೇಳುವುದಿಲ್ಲ. ಮುಚ್ಚಳ ತೆಗೆದಾಗ ಹಾಲು ಹುಳಿಯಾದ ಒಂದು ತೆಳುವಾದ ವಾಸನೆ ಬಂತು. ಕಂಟ್ರೋಲ್ ಇಲ್ಲದೆ, ಒಂಬತ್ತನೆಯ ಗೆರೆ ಎಳೆಯದೆ, ಅಕ್ಕನ ಹಾಳೆಯನ್ನು ಅದರಲ್ಲಿ ನೆನೆಹಾಕಿ ಮನೆಗೆ ಹೋದೆ.

ಭಾನುವಾರ ಬೆಳಗ್ಗೆ ಬಂದು ಉಳಿದ ಕೆಲಸ ಮುಗಿಸಿ ಚಿತ್ರ ತೆಗೆದೆ. ಹಾಳೆ ಪೂರ್ತಿ ಖಾಲಿ. ಎಲ್ಲಿಯೂ ಒಂದು ಪಟ್ಟಿಯಿಲ್ಲ. ಇಂಥ ಚಿತ್ರವನ್ನು ಯಾವನಾದರೂ ವಿದ್ಯಾರ್ಥಿ ನನ್ನೆದುರು ತಂದಿದ್ದರೆ, ಕಂಟ್ರೋಲ್ ಎಲ್ಲಿ ಎಂದು ಕೇಳಿ ಅವನ ಬೆವರಿಳಿಸುತ್ತಿದ್ದೆ. ನನ್ನನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಏನೂ ಕಾಣದಿರುವುದು, ಕಾಣಲಿಲ್ಲ. ಸಂತೋಷದಲ್ಲಿ ಕಣ್ಣಿಗೆ ನೀರು ಬಂತು. ಅಲ್ಲಿಂದಲೇ ಫೋನ್ ಮಾಡಿದೆ.

"ಎಂತದೂ ಇಲ್ಲ ಅಕ್ಕ."

"ಸರಿ ನೋಡಿದ್ದಿ ಅಲ್ವಾ?"

"ಸರಿಯಾಗಿ ನೋಡಿದ್ದೇನೆ."

ಆ ದಿನ ಉಡುಪಿಯಲ್ಲಿ ಇಳಿದು ಅಮ್ಮನಿಗೆ ಹೂವು ತೆಗೆದುಕೊಂಡು ಹೋದೆ.

ಅನಂತರ ಎಲ್ಲರೂ ಸೇರಿ ಅದು ಡೆಂಗಿಯೇ ಎಂದು ತೀರ್ಮಾನಿಸಿದರು. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿಯಿತೆಂದರೆ ಊರಿನಲ್ಲಿ ಮತ್ತೇನನ್ನೂ ಯೋಚಿಸುವುದಿಲ್ಲ. ಭಾವ ದಿನಾ ಬೆಳಗ್ಗೆ ಪಪ್ಪಾಯಿ ಎಲೆ ಕುಟ್ಟಿ ರಸ ತೆಗೆದು ಕುಡಿಸಿದರು. ಅಕ್ಕ ಫೋನಿನಲ್ಲಿ, "ಕಹಿ ಮಾರಾಯ್ತಿ, ಕಾಯಿಲೆಗಿಂತ ಮದ್ದೇ ಜೋರು" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಕಾರ್ಕಳದ ಡಾಕ್ಟರ ಹತ್ತಿರ ಅವರು ಮತ್ತೆ ಹೋಗಲೇ ಇಲ್ಲ. ಹೋಗಿ ಎಂದು ನಾನೂ ಹೇಳಲಿಲ್ಲ, ಹೇಳಿದರೆ ನನ್ನ ಮಾತಿನ ಮೇಲೆ ನನಗೇ ಅನುಮಾನ ಉಂಟು ಎಂದಾಗುತ್ತಿತ್ತು.

ನಾನು ಫೋನ್ ಮಾಡಿದ ಹತ್ತೊಂಬತ್ತನೆಯ ದಿನ ಬೆಳಗ್ಗೆ ಅಕ್ಕನಿಗೆ ಮೂಗಿನಿಂದ ರಕ್ತ ಸುರಿಯಲು ತೊಡಗಿ ನಿಲ್ಲಲಿಲ್ಲ. ಆಂಬ್ಯುಲೆನ್ಸಿನಲ್ಲಿ ಆಸ್ಪತ್ರೆಗೆ ತಂದರು. ನಾನು ಲ್ಯಾಬಿನ ಕೋಟಿನಲ್ಲೇ ಓಡಿದೆ. ಅವಳಿಗೆ ಇನ್ನೂ ಎಚ್ಚರವಿತ್ತು. ಮೂಗಿಗೆ ಬಟ್ಟೆ ತುರುಕಿದ್ದರು, ಮಾತು ಬೇರೆ ಯಾರದೋ ಎಂಬಂತೆ ಬರುತ್ತಿತ್ತು.

"ಅವತ್ತು ಇರಲಿಲ್ಲ ಅಲ್ವಾ," ಎಂದಳು. "ಹಾಗಾದ್ರೆ ಈಗ ಶುರುವಾದದ್ದು. ಸಣ್ಣದು ಇರಬಹುದು."

"ಹೌದು ಅಕ್ಕ, ಸಣ್ಣದು," ಎಂದೆ.

ಸಂಜೆಯೊಳಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಮೂರು ದಿನ ಯಂತ್ರದ ಉಸಿರಿನಲ್ಲಿದ್ದು ಹೋದಳು. ವಾರ್ಡಿನ ಡಾಕ್ಟರು, ನನಗಿಂತ ಚಿಕ್ಕವರು, ನಾನು ಲ್ಯಾಬಿನವಳೆಂದು ಗೊತ್ತಾಗಿ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಇದು ನಿಮ್ಮ ಲ್ಯಾಬಿನಲ್ಲಿ ನೋಡುವುದಲ್ಲ, ಲ್ಯುಕೇಮಿಯಾದ ಬೇರೆ ಬಗೆ, ಬೇಗ ಬಂದರೆ ಮಾತ್ರೆ ಮತ್ತು ಇಂಜೆಕ್ಷನ್ನಿನಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ, ತಡವಾದರೆ ಹೀಗೆ ರಕ್ತ ಸೋರಿಯೇ ಹೋಗುತ್ತಾರೆ ಎಂದರು. "ಎರಡು ವಾರದ ಹಿಂದೆ ಬರಬೇಕಿತ್ತು" ಎಂದರು. ಅವರು ನನ್ನನ್ನು ಬಯ್ಯಲಿಲ್ಲ, ಅವರಿಗೆ ಗೊತ್ತಿರಲಿಲ್ಲ.

ಹೆಣ ಸುಟ್ಟ ಐದನೆಯ ದಿನ ಲ್ಯಾಬಿಗೆ ಹೋಗಿ, ಮೇಡಂ ಎದುರು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಆ ಟ್ಯೂಬು ಉಂಟಾ?" ಎಂದು ಕೇಳಿದರು. ಇಬ್ಬರೂ ಸೇರಿ, ರೋಗದ ಜೀವಕೋಶಗಳ ರಸವನ್ನು ಎರಡು ಹಾಳೆಗೆ ಹಾಕಿ, ಒಂದನ್ನು ಎಂಟು ಗೆರೆಯ ಟ್ಯೂಬಿನಲ್ಲಿ, ಇನ್ನೊಂದನ್ನು ಹೊಸ ಆಂಟಿಬಾಡಿಯಲ್ಲಿ ನೆನೆಸಿದೆವು. ಹೊಸದರಲ್ಲಿ ಕಾಡಿಗೆಯಂಥ ದಪ್ಪ ಪಟ್ಟಿ. ಹಳೆಯದರಲ್ಲಿ ಏನೂ ಇಲ್ಲ. ಊರಿನ ಎಲ್ಲ ರೋಗಿಗಳ ರಕ್ತ ಸುರಿದಿದ್ದರೂ ಅದು ಏನನ್ನೂ ತೋರಿಸುತ್ತಿರಲಿಲ್ಲ. ಹೊಸದನ್ನೇ ಬಳಸಿದ್ದರೂ ಪಟ್ಟಿ ಬರುತ್ತಿರಲಿಲ್ಲ, ಅಕ್ಕನ ಬಗೆಯ ರೋಗದಲ್ಲಿ ನಮ್ಮ ಪ್ರೊಟೀನ್ ಇರುವುದಿಲ್ಲ. ಕುರುಡನ ಹತ್ತಿರ ದಾರಿ ಕೇಳಿದ್ದೇ ತಪ್ಪು, ಅದರ ಮೇಲೆ ಅವನು ಸತ್ತೂ ಬಿದ್ದಿದ್ದ. ಮೇಡಂ ಆ ದಿನವೇ ಮೂರು ಗೆರೆಗಿಂತ ಹೆಚ್ಚು ಬಳಸಬಾರದೆಂದು ಫ್ರಿಜ್ಜಿಗೆ ಚೀಟಿ ಅಂಟಿಸಿದರು. ಈಗ ಅದು ಮತ್ತೆ ಐದಕ್ಕೆ ಬಂದಿದೆ.

ಹದಿಮೂರನೆಯ ದಿನದ ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಗೆ, ಕುಕ್ಕುಂದೂರಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬಂದವರಿಗೆಲ್ಲ ಭಾವ ಒಂದೇ ಮಾತು ಹೇಳುತ್ತಿದ್ದರು. "ನಾವು ಸುಮ್ಮನೆ ಕೂತದ್ದಲ್ಲ. ಇವಳೇ ಮಣಿಪಾಲದಲ್ಲಿ ನೋಡಿದ್ದಾಳೆ, ಆಗ ಎಂತ ಇರಲಿಲ್ಲ. ಆಮೇಲೆ ಒಮ್ಮೆಲೇ ಬಂದದ್ದು. ಹಣೆಬರಹ." ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ಸಮಾಧಾನ ಇರುತ್ತಿತ್ತು. ಅದು ನನ್ನ ಸುಳ್ಳಿನ ಮೇಲೆ ನಿಂತ ಸಮಾಧಾನ. ಅದನ್ನು ಹಾಗೆಯೇ ಬಿಡಬೇಕೆಂದು ನಾನು ನಿಶ್ಚಯಿಸಿದ್ದೆ, ದೇವರಾಣೆಗೂ ಬಿಡುತ್ತಿದ್ದೆ.

ಊಟ ಮುಗಿದ ಮೇಲೆ ಪಕ್ಕದ ಮನೆಯ ಹೆಂಗಸು ಒಂದು ಕಾಗದ ಹಿಡಿದು ಬಂದರು. ಅಕ್ಕನ ಹತ್ತಿರ ರವಿಕೆ ಹೊಲಿಸುತ್ತಿದ್ದವರು, ಐವತ್ತು ದಾಟಿದವರು. ಅವರಿಗೂ ಜ್ವರ, ಅವರಿಗೂ ಪ್ಲೇಟ್‌ಲೆಟ್ ಕಡಿಮೆ, ಅವರಿಗೂ ಮಣಿಪಾಲಕ್ಕೆ ಹೋಗಲು ಹೇಳಿದ್ದರು.

"ಎಂತಕ್ಕೆ ಓಡುವುದು ಅಷ್ಟು ದೂರ," ಎಂದರು ಭಾವ. "ಇವಳ ಹತ್ತಿರ ರಕ್ತ ಕೊಡಿ. ಇವಳು ನೋಡಿ ಹೇಳ್ತಾಳೆ."

ಆ ಹೆಂಗಸು ಅಲ್ಲೇ ಕುರ್ಚಿಯಲ್ಲಿ ಕೂತು ಸೀರೆಯ ಸೆರಗು ಸರಿಸಿ ಕೈ ಚಾಚಿದರು. "ನೋಡು ಮಗಾ," ಎಂದರು.

"ಭಾವ, ನಾನು ಅವತ್ತು ನೋಡಿದ್ದು ಸುಳ್ಳು," ಎಂದೆ.

"ಎಂತ?"

"ಆ ಮದ್ದು ಕೆಟ್ಟು ಹೋಗಿತ್ತು. ಸರಿ ಇದ್ದರೂ ಅಕ್ಕನ ಕಾಯಿಲೆ ಅದರಲ್ಲಿ ಕಾಣುತ್ತಿರಲಿಲ್ಲ. ಅದು ಪರೀಕ್ಷೆಯೇ ಅಲ್ಲ. ಗೊತ್ತಿದ್ದೂ ಇಲ್ಲ ಅಂತ ಹೇಳಿದೆ. ಆ ವಾರವೇ ಆಸ್ಪತ್ರೆಗೆ ಹೋಗಿದ್ದರೆ ಅಕ್ಕ ಬದುಕುತ್ತಿದ್ದಳು." ಆಮೇಲೆ ಆ ಹೆಂಗಸಿನ ಕಡೆ ತಿರುಗಿ, "ನೀವು ಇವತ್ತೇ ಹೋಗಿ," ಎಂದೆ.

ಎಲೆ ತೆಗೆಯುತ್ತಿದ್ದವರು ನಿಂತರು. ಅಮ್ಮ ಒಳಗಿನಿಂದ ಬಾಗಿಲವರೆಗೆ ಬಂದು ಅಲ್ಲೇ ಉಳಿದಳು. ಭಾವ ನನ್ನನ್ನು ನೋಡಲಿಲ್ಲ. ಆ ಹೆಂಗಸಿಗೆ, "ಬನ್ನಿ, ರಿಕ್ಷಾ ಮಾಡಿ ಕೊಡ್ತೇನೆ," ಎಂದು ಹೇಳಿ ಗೇಟಿನ ಕಡೆ ನಡೆದರು. ನಾವು ಕಾಪುವಿಗೆ ಹೊರಡುವವರೆಗೂ ಅವರು ಒಳಗೆ ಬರಲಿಲ್ಲ.

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಶಿರ್ವ ದಾಟಿದ ಮೇಲೆ ಬಾಯಿ ಬಿಟ್ಟಳು. "ಹೇಳದಿದ್ದರೆ ನಿನಗೆ ಎಂತ ಹೋಗ್ತಿತ್ತು? ಅವನೊಬ್ಬನಾದರೂ ಸಮಾಧಾನದಲ್ಲಿ ಇದ್ದ." ಈಗಲೂ ಅಮ್ಮ ನನಗೆ ಬಡಿಸುತ್ತಾಳೆ, ಇನ್ನೂ ಸ್ವಲ್ಪ ಹಾಕಿಸಿಕೋ ಎನ್ನುವುದಿಲ್ಲ.

ಪಕ್ಕದ ಮನೆಯ ಹೆಂಗಸಿಗೆ ಬಂದದ್ದು ಡೆಂಗಿಯೇ. ಆರು ದಿನಕ್ಕೆ ಮನೆಗೆ ಬಂದರು. ನಾನು ಸುಮ್ಮನೆ ಊರನ್ನು ಹೆದರಿಸಿದೆ ಎಂದು ಅವರು ಹೇಳಿದ್ದು ಸುತ್ತಿ ಬಳಸಿ ನನ್ನ ಕಿವಿಗೂ ಬಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಅಕ್ಕನ ಎದುರು ಬಾಯಿ ತೆರೆಯಬೇಕಾದಾಗ ತೆರೆಯದೆ, ಬೇಡದ ಕಡೆ ತೆರೆದೆ. ಹಾಗೆಂದು ಚಾಚಿದ ಆ ಕೈಯನ್ನು ನೆನೆದಾಗಲೆಲ್ಲ, ಮತ್ತೆ ಅದೇ ಅಂಗಳದಲ್ಲಿ ನಿಂತರೂ ಅದನ್ನೇ ಹೇಳುತ್ತೇನೆ ಅನಿಸುತ್ತದೆ.

ಐದು ತಿಂಗಳು ಭಾವ ಫೋನ್ ಎತ್ತಲಿಲ್ಲ. ಕಳೆದ ತಿಂಗಳು ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿ, ಆಸ್ಪತ್ರೆಯಿಂದ ಏನೋ ಕಾಗದ ತೆಗೆದುಕೊಂಡು ಹೋಗಲು ಬಂದಿದ್ದೇನೆ, ಟೈಗರ್ ಸರ್ಕಲಿನ ಹತ್ತಿರ ಇದ್ದೇನೆ ಎಂದರು. ಹೋದೆ. ತೆಳ್ಳಗಾಗಿದ್ದರು. ಹಾಕಿಕೊಂಡಿದ್ದ ಅಂಗಿಯ ಒಂದು ಗುಂಡಿ ಹೋಗಿತ್ತು. ಹೋಟೆಲಿನಲ್ಲಿ ಇಬ್ಬರೂ ಚಹಾ ಮುಂದಿಟ್ಟುಕೊಂಡು ಕೂತೆವು. ಅವರು ಬಯ್ಯಲು ಬಂದಿದ್ದಾರೆ ಎಂದುಕೊಂಡೆ, ಬಯ್ದರೆ ನನಗೂ ಹಗುರವಾಗುತ್ತಿತ್ತು.

"ನಿನಗೆ ಒಂದು ಹೇಳ್ಬೇಕಿತ್ತು," ಎಂದರು. "ಯಾರಿಗೂ ಹೇಳ್ಲಿಲ್ಲ. ನೀನು ಎಂತದೂ ಇಲ್ಲ ಅಂತ ಫೋನ್ ಮಾಡಿದಿ ಅಲ್ವಾ, ಅದರ ಮೂರನೇ ದಿನ. ನಾನು ಕೆಲಸಕ್ಕೆ ಹೊರಡುವಾಗ ಅವಳು ಒಳ್ಳೆ ಸೀರೆ ಉಟ್ಟು, ಬ್ಯಾಗ್ ಹಿಡಿದು ಕೂತಿದ್ದಳು. ಮಣಿಪಾಲಕ್ಕೆ ಹೋಗುವಾ, ಸೂಜಿ ಹಾಕಿದ್ರೂ ಅಡ್ಡಿಲ್ಲ, ನನಗೆ ಯಾಕೋ ಒಳಗಿಂದ ಸರಿ ಕಾಣುದಿಲ್ಲ ಅಂದಳು."

ನಾನು ಲೋಟ ಕೆಳಗಿಟ್ಟೆ.

"ನಾನು ಬಯ್ದೆ. ಸ್ವಂತ ತಂಗಿ ಕಣ್ಣಾರೆ ನೋಡಿ ಹೇಳಿದ್ದಾಳೆ, ನಿನಗೆ ಅವಳ ಮೇಲೆ ನಂಬಿಕೆ ಇಲ್ವಾ ಅಂತ ಕೇಳಿದೆ."

"ಅಕ್ಕ ಎಂತ ಹೇಳಿದಳು?"

"ಉಂಟು ಅಂದಳು," ಎಂದರು ಭಾವ. "ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದು ಮಿಷನ್ನಿನ ಎದುರು ಕೂತಳು."